ಮೆಣಸಿನಕಾಯಿ ಕೋಟೆಯೊಳಗಿನ ಕಾರು

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ, ಬ್ಯಾಡಗಿಯ ಮಾರ್ಕೆಟ್ ರಸ್ತೆಯಲ್ಲಿ, ಉಣ್ಣೆಯ ಸ್ವೆಟರು ತೊಟ್ಟು, ಕಿವಿಗೆ ಮಫ್ಲರು ಸುತ್ತಿಕೊಂಡು, ಅಂಗೈ ಉಜ್ಜುತ್ತ ಬರುವ ಮನುಷ್ಯನನ್ನು ನೀವು ಕಂಡರೆ ಗಾಬರಿಯಾಗಬೇಡಿ. ಅವರಿಗೆ ಜ್ವರ ಬಂದಿಲ್ಲ. ಅವರು ಸಿದ್ದಲಿಂಗಪ್ಪನವರು, ಊರ ಅಂಚಿನ ಕೋಲ್ಡ್ ಸ್ಟೋರೇಜಿನ ಸುಪರ್‌ವೈಜರ್. ಹೊರಗೆ ಊರೆಲ್ಲ ಬೇಯುತ್ತಿರುವಾಗ ಒಳಗೆ ಮೆಣಸಿನಕಾಯಿ ಚೀಲಗಳ ನಡುವೆ ಗಡಗಡ ನಡುಗುತ್ತ ದಿನ ಕಳೆಯುವುದು ಅವರ ಉದ್ಯೋಗ. ಶಿವ ಕೈಲಾಸದಲ್ಲಿರುವಂತೆ ಸಿದ್ದಲಿಂಗಪ್ಪನವರು ಆ ತಣ್ಣನೆಯ ಕೋಣೆಯಲ್ಲಿ, ಅಂದರೆ ಛೇಂಬರಿನಲ್ಲಿರುತ್ತಾರೆ. ವ್ಯತ್ಯಾಸವಿಷ್ಟೇ: ಶಿವನಿಗೆ ಸ್ವೆಟರಿಲ್ಲ, ಮತ್ತು ಕೈಲಾಸದಲ್ಲಿ ಯಾರೂ ಸೀನುವುದಿಲ್ಲ.

ಮೆಣಸಿನಕಾಯಿಯನ್ನು ಹೊರಗಿಟ್ಟರೆ ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ. ಛೇಂಬರಿನಲ್ಲಿಟ್ಟರೆ ಮುಂದಿನ ಸುಗ್ಗಿಗೂ ಮದುವಣಗಿತ್ತಿಯ ಹಾಗೆ ಕೆಂಪಗೆ ಹೊರಬರುತ್ತದೆ. ಈ ಪವಾಡವನ್ನು ಅರ್ಧ ಆಯುಷ್ಯ ನೋಡಿದ ಸಿದ್ದಲಿಂಗಪ್ಪನವರು ತಮ್ಮದೇ ಆದ ಒಂದು ಸಿದ್ಧಾಂತಕ್ಕೆ ಬಂದಿದ್ದರು. ಲೋಕದಲ್ಲಿ ಕೆಡುವುದೆಲ್ಲ ಬಿಸಿಯಿಂದ ಕೆಡುತ್ತದೆ. ಉಳಿಯುವುದೆಲ್ಲ ತಂಪಿನಿಂದ ಉಳಿಯುತ್ತದೆ. ಮನೆಯ ಹುಣಸೆಹಣ್ಣು, ಬೆಲ್ಲ, ಶೇಂಗಾ, ಕಂಬಳಿ, ಒಂದು ಸಲ ಹೆಂಡತಿಯ ಇಳಕಲ್ ಸೀರೆ, ಎಲ್ಲವೂ ಆ ಛೇಂಬರಿನ ಯಾತ್ರೆ ಮಾಡಿ ಬಂದಿವೆ. ಹೋದ ವರ್ಷದ ಯುಗಾದಿಯ ಹೋಳಿಗೆಯನ್ನು ಈ ವರ್ಷದ ಯುಗಾದಿಯ ದಿನ ತಾಟಿನಲ್ಲಿಟ್ಟು, "ನೋಡ್ರಿ, ಮುಖದ ಮ್ಯಾಲ ಒಂದು ಸುಕ್ಕಿಲ್ಲ" ಎಂದು ನೆಂಟರಿಗೆ ತೋರಿಸಿದ ಧೀರರು ಅವರು. ನೆಂಟರು ನೋಡಿದರು, ತಿನ್ನಲಿಲ್ಲ.

ಇಂಥ ಶೀತಲ ಪುರುಷನಿಗೆ ಗಂಟುಬಿದ್ದವರು ಪ್ರೇಮವ್ವ. ಅವರ ಇಡೀ ಬದುಕು ಒಲೆಯ ಮುಂದೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ರೊಟ್ಟಿ ಬಡಿಯುತ್ತಾರೆ. ಮುಂಜಾನೆ ಆ ಕಡೆಯಿಂದ ಹಾದುಹೋದರೆ ಯುದ್ಧಕ್ಕೆ ಹೊರಟ ಸೈನ್ಯದ ನಗಾರಿ ಕೇಳಿದಂತಾಗುತ್ತದೆ. ಮದುವೆ, ಸೀಮಂತ, ಮಠದ ದಾಸೋಹ, ಎಲ್ಲ ಕಡೆಗೂ ಪ್ರೇಮವ್ವನ ರೊಟ್ಟಿ. ಆದರೆ ಒಂದು ಕೊರಗಿತ್ತು. ಹಿಂದೊಮ್ಮೆ ಹಾವೇರಿಯ ಒಂದು ಖಾನಾವಳಿಯ ನಿತ್ಯದ ಗುತ್ತಿಗೆ ಸಿಕ್ಕು, ಬಾಡಿಗೆಯ ಟೆಂಪೋ ದಿನಾ ತಡಮಾಡಿ, ರೊಟ್ಟಿಗೆ ಡೀಸೆಲ್ ವಾಸನೆ ಹತ್ತಿಸಿ, ಗುತ್ತಿಗೆ ಕೈಬಿಟ್ಟುಹೋಗಿತ್ತು. ಆ ಟೆಂಪೋದವನ ಹೆಸರೆತ್ತಿದರೆ ಇಂದಿಗೂ ಅವರ ಕೈಯಲ್ಲಿನ ಹಿಟ್ಟಿನ ಮುದ್ದೆಗೆ ಎರಡೇಟು ಹೆಚ್ಚಿಗೆ ಬೀಳುತ್ತವೆ.

ಈಗ ಎರಡನೆಯ ಅವಕಾಶ ಬಂದಿತ್ತು. ರಾಣೆಬೆನ್ನೂರಿನ ಹುಡುಗಿಯರ ಹಾಸ್ಟೆಲ್ಲೊಂದಕ್ಕೆ ದಿನಾ ಮಧ್ಯಾಹ್ನ ಮೆತ್ತನೆಯ ಬಿಸಿರೊಟ್ಟಿ ಬೇಕಾಗಿತ್ತು. ಅಲ್ಲಿನ ಊಟದ ವ್ಯವಸ್ಥೆ ನೋಡುವ ಪುಷ್ಪಲತಾ ಮೇಡಂ ಕಟ್ಟುನಿಟ್ಟಿನ ಹೆಂಗಸು. ಯುಗಾದಿಯಾದ ಮೊದಲ ಸೋಮವಾರದಿಂದ ಒಂದು ತಿಂಗಳು ಪರೀಕ್ಷೆ. ಊಟದ ಗಂಟೆಯ ಹೊತ್ತಿಗೆ ರೊಟ್ಟಿ ಇದ್ದರೆ ಇಡೀ ವರ್ಷದ ಗುತ್ತಿಗೆ, ಒಂದು ದಿನ ತಪ್ಪಿದರೆ ನಮಸ್ಕಾರ. ಪ್ರೇಮವ್ವ ಈ ಸಲ ಯಾವ ಟೆಂಪೋವನ್ನೂ ನಂಬಲಿಲ್ಲ. ರೊಟ್ಟಿಯಿಂದ ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಸಣ್ಣ ಬಿಳಿ ಎಲೆಕ್ಟ್ರಿಕ್ ಕಾರು ತಂದರು, ಡ್ರೈವಿಂಗ್ ಕಲಿತರು, ಹಿಂದಿನ ಸೀಟು ಮಡಚಿ ಬುಟ್ಟಿಗಳಿಗೆ ಜಾಗ ಮಾಡಿದರು. ಸಿದ್ದಲಿಂಗಪ್ಪನವರ ಕಾಣಿಕೆಯೆಂದರೆ ಕಾರಿನ ಮುಂದೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ. ಅದರಲ್ಲಿ ಮೆಣಸಿನಕಾಯಿ ಮಾತ್ರ ಒಂದನೇ ದರ್ಜೆಯ ಡಬ್ಬಿ ತಳಿಯ ಕಾಯಿ, ಛೇಂಬರಿನಿಂದ ಆರಿಸಿ ತಂದದ್ದು.

ಮೊದಲ ವಾರ ಕಾರಿನ ಕೀರ್ತಿಯನ್ನು ಊರಿಗೆ ಸಾರುವ ಹೊಣೆಯನ್ನು ಅವರೇ ಹೊತ್ತರು. ಮಾರ್ಕೆಟ್ಟಿನ ಗೇಟಿನಲ್ಲಿರುವ ಫಕ್ಕೀರಸಾಬನ ಚಹಾದಂಗಡಿ ಅವರ ಸಭಾಮಂಟಪ.

"ಹೊಗಿ ಇಲ್ಲ, ಸಪ್ಪಳ ಇಲ್ಲ. ಗಾಡಿ ಮುಂದ ಹಾದುಹೋದ್ರ ನಾಯಿಗೂ ತಿಳಿಯೂದಿಲ್ಲ" ಎಂದರು.

ಫಕ್ಕೀರಸಾಬ ಚಹಾ ಸೋಸುತ್ತಲೇ, "ಹೊಗಿ ಇಲ್ಲಂದ್ರ ಹೆಂಗ್ರಿ ಅಣ್ಣಾರ?" ಎಂದ. "ನಿಮ್ಮನಿ ಕರೆಂಟು ಅಲ್ಲೆಲ್ಲೋ ರಾಯಚೂರಾಗ ಕಲ್ಲಿದ್ದಲಿ ಸುಟ್ಟು ಬರತೈತಿ. ಹೊಗಿ ನೀವು ಬಿಡೂದಿಲ್ಲ, ನಿಮ್ಮ ಪರವಾಗಿ ಅವರು ಬಿಡ್ತಾರ."

"ಎಲ್ಲಾ ಕರೆಂಟೂ ಕಲ್ಲಿದ್ದಲಿದಲ್ಲೋ. ಗಾಳಿದೂ ಐತಿ, ನೀರಿಂದೂ ಐತಿ, ಬಿಸಲಿಂದೂ ಐತಿ."

"ಹಂಗಾರ ನಿನ್ನೆ ನಿಮ್ಮ ಕಾರಿನ ಹೊಟ್ಟಿಗೆ ಹೋದದ್ದು ಯಾವ ಕರೆಂಟು ಅಂತ ವೈರಿಗೆ ಕೇಳಿ ನೋಡಬೇಕ್ರಿ" ಎಂದ ಫಕ್ಕೀರಸಾಬ.

ಸಿದ್ದಲಿಂಗಪ್ಪನವರು ನಕ್ಕರೂ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಬ್ಯಾಡಗಿಯಲ್ಲಿ ಯಾವ ಮಾಲು ಬಂದರೂ ಕೇಳುವ ಮೊದಲ ಪ್ರಶ್ನೆ, 'ಯಾವ ಊರ ಮಾಲು?' ಊರು ಗೊತ್ತಿಲ್ಲದ ಚೀಲವನ್ನು ಯಾರೂ ಮೂಸುವುದಿಲ್ಲ. ಹೀಗಿರುವಾಗ ಮನೆಯ ಮುಂದೆ ನಿಂತ ಇಷ್ಟು ದೊಡ್ಡ ಮಾಲಿನ ಊರನ್ನು ತಾವು ಕೇಳಲೇ ಇಲ್ಲವಲ್ಲ.

ಅದೇ ವಾರ ಪ್ರೇಮವ್ವನ ಅಕ್ಕನ ಮಗಳು ಅರುಣಾ ಬಂದಳು. ಗುತ್ತಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಕಾರು ನೋಡಿ ಹೊಗಳಿ, ಕಟ್ಟೆಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದವಳನ್ನು ಸಿದ್ದಲಿಂಗಪ್ಪನವರು ಹಿಡಿದರು.

"ಅರುಣಾ, ಈ ಬ್ಯಾಟರಿ ಯಾವ ಊರ ಮಾಲವಾ?"

"ಒಂದ ಊರದ್ದಲ್ಲ ಕಾಕಾ. ಲಿಥಿಯಂ ಅಂತ ಇರತೈತಿ. ದಕ್ಷಿಣ ಅಮೆರಿಕಾದ ಉಪ್ಪಿನ ಬಯಲಾಗ ನೆಲದಾಗಿನ ಉಪ್ಪುನೀರು ಎತ್ತಿ, ಬಿಸಲಿಗೆ ಇಂಗಿಸಿ ತಗೀತಾರ. ಅಲ್ಲಿ ಮಂದಿಗೆ ಮೊದಲ ನೀರು ಕಡಿಮಿ. ಇನ್ನೊಂದು ಕೋಬಾಲ್ಟ್. ಅದು ಹೆಚ್ಚಾಗಿ ಆಫ್ರಿಕಾದ ಕಾಂಗೋ ದೇಶದ್ದು. ಅಲ್ಲಿ ಕಂಪನಿಯವರ ದೊಡ್ಡ ಗಣಿನೂ ಅದಾವ, ಬಡವರು ಕೈಲೆ ಅಗಿಯೋ ತಗ್ಗೂ ಅದಾವ. ಆ ತಗ್ಗಿನ್ಯಾಗ ಹುಡುಗ್ರೂ ಇರ್ತಾರ. ಅಗೀತಾರ, ಆರಿಸ್ತಾರ, ಹೊರ್ತಾರ."

"ಎಷ್ಟು ಸಣ್ಣ ಹುಡುಗ್ರು?"

"ನಮ್ಮ ಸಾಲಿ ಹುಡುಗ್ರಷ್ಟು" ಎಂದಳು ಅರುಣಾ. "ಆದ್ರ ಎಲ್ಲಾ ಬ್ಯಾಟರ್ಯಾಗೂ ಕೋಬಾಲ್ಟ್ ಇರೂದಿಲ್ಲ ಕಾಕಾ. ನಿಮ್ಮದರಾಗ ಐತೋ ಇಲ್ಲೋ ಕಂಪನಿಗೆ ಕೇಳಬೇಕು."

ಆ ಕೊನೆಯ ಮಾತು ಅವರ ಮಫ್ಲರನ್ನು ದಾಟಿ ಒಳಗೆ ಹೋಗಲಿಲ್ಲ. ಅವರು ತಮ್ಮ ಬೆರಳುಗಳನ್ನು ನೋಡುತ್ತಿದ್ದರು. ಸಣ್ಣವರಿದ್ದಾಗ ಅವರು ಅವ್ವನ ಮಗ್ಗುಲಲ್ಲಿ ಕುಳಿತು ಮೆಣಸಿನಕಾಯಿಯ ತುಂಬು ಬಿಡಿಸಿದವರು, ಅಂದರೆ ಕಾಯಿಯ ತೊಟ್ಟು ಮುರಿದು ಬೇರೆ ಮಾಡುವ ಕೆಲಸ. ಸಂಜೆ ಬೆರಳು ಉರಿಯುತ್ತಿದ್ದರೆ ಅವ್ವ ಮಜ್ಜಿಗೆಯಲ್ಲಿ ಅದ್ದಿಸುತ್ತಿದ್ದಳು. ಮರೆತು ಕಣ್ಣು ಮುಟ್ಟಿಕೊಂಡರೆ ಆ ಇಡೀ ರಾತ್ರಿ ಹೋಯಿತು. ಅವರ ತಂಪಿನ ಸಿದ್ಧಾಂತದ ಬೇರು ಛೇಂಬರಿನಲ್ಲಿಲ್ಲ, ಆ ಮಜ್ಜಿಗೆಯ ಬಟ್ಟಲಿನಲ್ಲಿತ್ತು.

"ಹುಡುಗ್ರು ಅಗದ ಕೊಟ್ಟದ್ದು" ಎಂದು ಹೇಳಿದರು. "ಇದು ಎಷ್ಟು ವರ್ಷ ಬಾಳತೈತಿ?"

"ಎಂಟ್ಹತ್ತು ವರ್ಷ, ಇನ್ನೂ ಹೆಚ್ಚಿಗೂ ಬಾಳಬಹುದು. ಯಾವಾಗ್ಲೂ ಪೂರ್ತಿ ತುಂಬಿಸಿ ಇಡಬಾರದು. ಮತ್ತ ಬ್ಯಾಟರಿಗೆ ಬಿಸಿ ಆಗಿಬರೂದಿಲ್ಲ ಕಾಕಾ."

ಅರುಣಾ ಈ ಮಾತನ್ನು ಬೇರೆ ಯಾರ ಮುಂದೆ ಹೇಳಿದ್ದರೂ ನಡೆಯುತ್ತಿತ್ತು. ಸಿದ್ದಲಿಂಗಪ್ಪನವರ ಮುಂದೆ ಹೇಳಬಾರದಾಗಿತ್ತು. ಆಕೆ ಬಸ್ಸು ಹತ್ತಿ ಹೋದಳು. ಬ್ಯಾಡಗಿಯಲ್ಲಿ ಬಿಸಿಲಿನ ವಿರುದ್ಧ ಮಹಾಸಮರ ಆರಂಭವಾಯಿತು.

ಮೊದಲು ಕಾರಿನ ಮೇಲೆ ತೆಂಗಿನ ಗರಿಯ ಚಪ್ಪರ ಬಂತು. ಆಮೇಲೆ ಚಪ್ಪರದ ಕೆಳಗೆ ಒದ್ದೆ ಗೋಣಿಚೀಲಗಳ ಹೊದಿಕೆ ಬಂತು. ತಾಸಿಗೊಮ್ಮೆ ಕೋಲ್ಡ್ ಸ್ಟೋರೇಜಿನಿಂದ ಓಡಿಬಂದು ಚೀಲ ತೋಯಿಸಿ ಓಡಿಹೋಗುತ್ತಿದ್ದರು. ಆ ಚೀಲಗಳೋ ಮೆಣಸಿನಕಾಯಿಯವು, ಓಣಿಯೆಲ್ಲ ಸೀನತೊಡಗಿತು. ಪೂರ್ತಿ ತುಂಬಿಸಬಾರದೆಂದು ಹೇಳಿದ್ದಳಲ್ಲ, ಅರ್ಧವೂ ತುಂಬದ ಹಾಗೆ ಚಾರ್ಜರಿನ ವೈರು ಕೀಳುತ್ತಿದ್ದರು. ಹತ್ತು ಗಂಟೆಯ ಮೇಲೆ ಕಾರು ಹೊರಗೆ ತೆಗೆಯಕೂಡದು ಎಂಬ ಕಾಯಿದೆ ಹೊರಟಿತು. ಕೊನೆಗೆ, ತೀರ ಅಗತ್ಯವಿಲ್ಲದಿದ್ದರೆ ತೆಗೆಯಲೇಕೂಡದು ಎಂಬ ತಿದ್ದುಪಡಿ ಬಂತು.

"ಕಾರು ತಂದದ್ದು ಓಡಸಾಕ್ರಿ" ಎಂದರು ಪ್ರೇಮವ್ವ.

"ಓಡಿದ್ರ ಸವೀತೈತಿ."

"ನನ್ನ ಲಟ್ಟಣಿಗಿನೂ ಸವೀತೈತಿ. ಅದನ್ನ ಗೋಡಿಗೆ ತೂಗುಹಾಕಿ ಪೂಜಿ ಮಾಡ್ಲೇನು?"

"ಲಟ್ಟಣಿಗಿ ಹುಡುಗ್ರು ಅಗದದ್ದಲ್ಲ ಪ್ರೇಮಾ."

ಪ್ರೇಮವ್ವ ಹಿಟ್ಟಿನ ಕೈ ಒರೆಸಿಕೊಂಡರು. ಗಂಡನ ಮನಸ್ಸು ಎಲ್ಲಿ ನೊಂದಿದೆ ಎಂಬುದು ಅವರಿಗೆ ಗೊತ್ತಿತ್ತು, ಮತ್ತು ಸೋಮವಾರ ಹತ್ತಿರ ಬರುತ್ತಿತ್ತು. ಜಗಳಕ್ಕೆ ಸೋಮವಾರದ ನಂತರ ಬೇಕಾದಷ್ಟು ದಿನಗಳಿವೆ ಎಂದುಕೊಂಡು, ಭಾನುವಾರ ಅಗಡಿಯಲ್ಲಿ ಅಕ್ಕನ ಮನೆಯ ತೊಟ್ಟಿಲ ಕಾರ್ಯಕ್ರಮಕ್ಕೆ ಬಸ್ಸಿನಲ್ಲೇ ಹೋದರು. ಕಾರಿನ ಕೀಲಿಯನ್ನು ಗೂಟಕ್ಕೆ ತೂಗುಹಾಕಿ ಹೋದರು. ಇಡೀ ಕಥೆಯಲ್ಲಿ ಅವರು ಮಾಡಿದ ತಪ್ಪು ಇದೊಂದೇ.

ಆ ಭಾನುವಾರ ಬಿಸಿಲು ಕೆಂಡ ಉಗುಳುತ್ತಿತ್ತು. ತೋಯಿಸಿದ ಚೀಲ ಬೆನ್ನು ತಿರುಗಿಸುವುದರೊಳಗೆ ಒಣಗುತ್ತಿತ್ತು. ಸಿದ್ದಲಿಂಗಪ್ಪನವರು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು, ತಾಯಿ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಕೈ ಸುಟ್ಟಿತು. ಆಗ ಅವರ ತಲೆಯಲ್ಲಿ ಆ ಮಹಾ ಆಲೋಚನೆ ಮಿಂಚಿತು. ಇದು ಇದುವರೆಗೆ ಹೊಳೆಯದೆ ಹೇಗೆ ಉಳಿಯಿತೆಂದು ಅವರಿಗೇ ನಾಚಿಕೆಯಾಯಿತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಇಡೀ ಜಿಲ್ಲೆಯ ಮೆಣಸಿನಕಾಯಿಯ ಮಾನ ಕಾಯುವ ಛೇಂಬರಿದೆ. ತಾವು ಗೋಣಿಚೀಲ ಹಿಡಿದು ಒದ್ದಾಡುತ್ತಿದ್ದಾರೆ.

ಕೋಲ್ಡ್ ಸ್ಟೋರೇಜಿನ ಹಮಾಲರ ಮುಖಂಡ ಮೈಲಾರಪ್ಪ ತನ್ನ ಮಂದಿಯೊಂದಿಗೆ ಬಂದ.

"ಚಾಲೂ ಮಾಡಿ ಹೊಡಕೊಂಡು ಹೋಗೂದಲ್ಲೇನ್ರಿ ಸಾಹೇಬ್ರ?"

"ನನಗ ಹೊಡ್ಯಾಕ ಬರೂದಿಲ್ಲ. ಬಂದ್ರೂ ಬ್ಯಾಟರಿ ಯಾಕ ಖರ್ಚ ಮಾಡೂದು? ನೂಕ್ರಿ."

ಹೀಗೆ, ಇಂಧನ ಉಳಿಸಲೆಂದು ಹುಟ್ಟಿದ ಆ ಬಿಳಿ ಕಾರು, ಆರು ಜನ ಹಮಾಲರ ಬೆವರಿನ ಬಲದಿಂದ, ಸ್ಟೇರಿಂಗಿನ ಮುಂದೆ ಸ್ವೆಟರು ತೊಟ್ಟು ಗಂಭೀರವಾಗಿ ಕುಳಿತ ಸಿದ್ದಲಿಂಗಪ್ಪನವರನ್ನು ಹೊತ್ತು, ಪಟ್ಟದಾನೆಯ ಹಾಗೆ ಓಣಿ ದಾಟಿತು. ಫಕ್ಕೀರಸಾಬ ಅಂಗಡಿಯಿಂದ ಹೊರಬಂದು, "ಅಣ್ಣಾರ, ಈಗ ಖರೇನ ಹೊಗಿ ಇಲ್ಲ ನೋಡ್ರಿ" ಎಂದ. ಕನ್ನಡಿ ಮಡಚಿದ ಕಾರು ಛೇಂಬರಿನ ಬಾಗಿಲಲ್ಲಿ ಸೂಜಿಯೊಳಗೆ ದಾರ ಹೊಕ್ಕಂತೆ ಹೊಕ್ಕಿತು. ಒಳಗಿನ ಮೂಲೆಯಲ್ಲಿ ಅದನ್ನು ನಿಲ್ಲಿಸಿ, ಗಾಳಿಯಾಡಲೆಂದು ಕಿಟಕಿಯ ಗಾಜು ಇಳಿಸಿ, ಸಿದ್ದಲಿಂಗಪ್ಪನವರು ತೃಪ್ತಿಯ ನಿಟ್ಟುಸಿರು ಬಿಟ್ಟರು. ನಿಟ್ಟುಸಿರು ಆವಿಯಾಗಿ ಕಂಡಿತು. ಬೆಳಿಗ್ಗೆ ಎದ್ದ ಕೂಡಲೇ ಹೊರತೆಗೆದರಾಯಿತು ಎಂಬುದು ಅವರ ಲೆಕ್ಕ.

ಅಷ್ಟರಲ್ಲಿ ಅಂಗಳದಲ್ಲಿ ಸರದಿ ನಿಂತಿದ್ದ ಲಾರಿಗಳ ಮಾಲು ಒಳಗೆ ಬರತೊಡಗಿತು. ಕಾರಿನ ಮುಂದೆ ಜಾಗ ಖಾಲಿಯಿತ್ತು. ಮೈಲಾರಪ್ಪ ಬೆನ್ನ ಮೇಲಿನ ಚೀಲ ಹಾಗೇ ಹಿಡಿದು ಕೇಳಿದ: "ಇಲ್ಲಿ ಹಚ್ಚಲೇನ್ರಿ?" ಹಚ್ಚುವುದೆಂದರೆ ಚೀಲದ ಮೇಲೆ ಚೀಲ ಪೇರಿಸುವುದು.

ಕೋಲ್ಡ್ ಸ್ಟೋರೇಜಿನಲ್ಲಿ ಒಂದೇ ಒಂದು ಮಹಾಪಾಪವಿದೆ. ಅದು ಖಾಲಿ ಜಾಗ. ಖಾಲಿ ಜಾಗವೆಂದರೆ ಪೋಲಾದ ತಂಪು. ಇಷ್ಟು ವರ್ಷ ಖಾಲಿ ಜಾಗ ಕಂಡ ಕಡೆಯೆಲ್ಲ ಕೈಯೆತ್ತಿ ಒಂದೇ ಮಾತು ಹೇಳಿದ್ದ ಸಿದ್ದಲಿಂಗಪ್ಪನವರ ಬಾಯಿಂದ, ತಲೆಗೆ ಸುದ್ದಿ ಮುಟ್ಟುವ ಮೊದಲೇ, ಆ ಮಾತು ಹೊರಬಿತ್ತು.

"ಹಚ್ಚು."

ಸಂಜೆ ಅಗಡಿಯಿಂದ ಬಂದ ಪ್ರೇಮವ್ವ, "ಕಾರೆಲ್ಲೈತ್ರಿ?" ಎಂದು ಕೇಳಿದರು. "ತಂಪನ್ನ ಜಾಗಾದಾಗ ಐತಿ, ಚಿಂತಿ ಮಾಡಬ್ಯಾಡ" ಎಂದರು ಇವರು. ಯಾವುದೋ ಬೇವಿನ ಮರದ ಕೆಳಗಿರಬೇಕೆಂದು ಆಕೆ ಮರುದಿನದ ಹಿಟ್ಟು ನೋಡಲು ಹೋದರು.

ಸೋಮವಾರ ಮುಂಜಾನೆ. ಹಿತ್ತಲಲ್ಲಿ ರೊಟ್ಟಿಯ ನಗಾರಿ ಬಾರಿಸುತ್ತಿದೆ. ಸಿದ್ದಲಿಂಗಪ್ಪನವರು ಚಹಾದ ಬಸಿಯನ್ನು ತುಟಿಗೆ ಒಯ್ಯುತ್ತಿದ್ದಾರೆ. ಬಸಿ ಅಲ್ಲೇ ನಿಂತಿತು. ತಾವು 'ಹಚ್ಚು' ಅಂದದ್ದು ಅವರಿಗೆ ಅದೇ ಗಳಿಗೆ ಕೇಳಿಸಿತು.

ರೊಟ್ಟಿಯ ಬುಟ್ಟಿಗಳನ್ನು ಬಟ್ಟೆಯಲ್ಲಿ ಮುಚ್ಚಿ ಕಟ್ಟಿದ ಪ್ರೇಮವ್ವ ಕೀಲಿ ಹುಡುಕಿ, ಗಂಡನನ್ನು ಹುಡುಕಿ, ಕೊನೆಗೆ ಫಕ್ಕೀರಸಾಬನಿಂದ ಸಂಗತಿ ತಿಳಿದು ಕೋಲ್ಡ್ ಸ್ಟೋರೇಜಿಗೆ ಬಂದಾಗ, ಛೇಂಬರಿನೊಳಗೆ ಮೆಣಸಿನಕಾಯಿಯ ಒಂದು ಭವ್ಯ ಕೋಟೆ ಎದ್ದು ನಿಂತಿತ್ತು. ನೆಲದಿಂದ ಸೂರಿನವರೆಗೆ ಚೀಲ. ಅದರ ಹಿಂದೆ ಎಲ್ಲೋ ಅವರ ಜೀವಮಾನದ ಗಳಿಕೆ ತಣ್ಣಗೆ ನಿದ್ರಿಸುತ್ತಿತ್ತು. ಕೋಟೆಯ ಬುಡದಲ್ಲಿ ಸಿದ್ದಲಿಂಗಪ್ಪನವರು ತಾವೇ ಒಂದು ಚೀಲಕ್ಕೆ ಹೆಗಲು ಕೊಟ್ಟು ನಿಂತಿದ್ದರು. ಚೀಲ ಅಲುಗಿರಲಿಲ್ಲ.

"ಏನ್ರಿ" ಎಂದರು ಪ್ರೇಮವ್ವ. ದನಿ ತಣ್ಣಗಿತ್ತು. ಆ ಛೇಂಬರಿನಲ್ಲಿ ಅಂದು ಅದಕ್ಕಿಂತ ತಣ್ಣನೆಯದು ಬೇರೆ ಇರಲಿಲ್ಲ.

"ಲಗೂನ ತಗಸ್ತೇನಿ. ಮೈಲಾರಪ್ಪ ಬರಾಕತ್ತಾನ."

"ಗಂಟಿ ಹೊಡ್ಯೂದ್ರಾಗ ನಾ ರಾಣೆಬೆನ್ನೂರಾಗ ಇರಬೇಕು. ಇಲ್ಲಂದ್ರ ಗುತ್ತಿಗಿ ಹೋತು. ಗುತ್ತಿಗಿ ಹೋದ್ರ ಓಣ್ಯಾಗಿನ ಹೆಣ್ಮಕ್ಕಳಿಗೆ ನಾ ಏನ ಹೇಳ್ಲಿ? ನಮ್ಮನಿಯವರು ಕಾರಿನ ಉಪ್ಪಿನಕಾಯಿ ಹಾಕ್ಯಾರ ಅನ್ಲೇನು?"

ಸಿದ್ದಲಿಂಗಪ್ಪನವರು ಮತ್ತೆ ಚೀಲಕ್ಕೆ ಹೆಗಲು ಕೊಟ್ಟರು. ಮೈಲಾರಪ್ಪನ ಸೈನ್ಯ ಬಂದು ಕೋಟೆಗೆ ಲಗ್ಗೆ ಹಾಕಿತು. ಚೀಲ ಇಳಿದಂತೆಲ್ಲ ಧೂಳು ಎದ್ದಿತು. ಸೀನಿನ ಫಿರಂಗಿಗಳು ಹಾರಿದವು. ಕೊನೆಗೂ ಕೋಟೆ ಬಿರುಕು ಬಿಟ್ಟು ಒಳಗಿನಿಂದ ಬಿಳಿ ಕಾರು ಕಂಡಿತು, ಮೈಮೇಲೆ ತೆಳ್ಳಗೆ ಕೆಂಪು ಪುಡಿ ಬಳಿದುಕೊಂಡು. ಬಿಸಿಲಿಗೆ ಬಂದದ್ದೇ ತಡ, ಆ ತಣ್ಣನೆಯ ಮೈ ಒಳಗೂ ಹೊರಗೂ ಬೆವರಿ ತೊಟ್ಟಿಕ್ಕತೊಡಗಿತು. ಓಣಿಯ ಹೆಣ್ಣುಮಕ್ಕಳು ಹೊತ್ತು ತಂದ ಬುಟ್ಟಿಗಳು ಹಿಂದೆ ಸೇರಿದವು. ಕಾರು ಚಾಲೂ ಆಯಿತು, ಆದರೆ ಪರದೆಯ ಮೇಲೆ ಒಂದು ಸಣ್ಣ ಹಳದಿ ಆಮೆಯ ಚಿತ್ರ ಮೂಡಿತು.

"ಆಮಿ ಯಾಕ ಬಂತು?" ಎಂದರು ಸಿದ್ದಲಿಂಗಪ್ಪನವರು.

"ಬ್ಯಾಟರಿಗೆ ಥಂಡಿ ಹತ್ತೈತಿ. ಹತ್ತರಿ ಒಳಗ. ಬುಟ್ಟಿ ಹಿಡಕೊಂಡು ಕುಂದ್ರಿ."

ಹೆದ್ದಾರಿ ಸೇರುವ ಮೋಟೆಬೆನ್ನೂರಿನ ಕಡೆಗೆ ಕಾರು ಹೊರಟಿತು. ಹೊರಟಿತು ಎನ್ನುವುದಕ್ಕಿಂತ, ಹೋಗುವ ಮನಸ್ಸು ಮಾಡಿತು ಎನ್ನಬೇಕು. ಗೋವಿನಜೋಳ ಹೇರಿದ ಟ್ರ್ಯಾಕ್ಟರು ಹಾರ್ನ್ ಹಾಕಿ ಮುಂದೆ ಹೋಯಿತು. ಒಬ್ಬ ಸೈಕಲ್ಲಿನವನು ಪಕ್ಕದಲ್ಲೇ ಬರುತ್ತ ಪ್ರೇಮವ್ವನ ಕ್ಷೇಮಸಮಾಚಾರ ಕೇಳಿ ಹೋದ. ಮುಂದಿನ ಗಾಜು ಮಬ್ಬಾಗಿತ್ತೆಂದು ಪ್ರೇಮವ್ವ ಗಾಳಿಯ ಗುಂಡಿ ಒತ್ತಿದರು. 

ಇಡೀ ರಾತ್ರಿ ಕಾರಿನ ಗಾಳಿಕೊಳವೆಗಳಲ್ಲಿ ಕೂತಿದ್ದ ಬ್ಯಾಡಗಿಯ ಅತ್ಯುತ್ತಮ ಘಾಟು ಒಮ್ಮೆಲೇ ಇಬ್ಬರ ಮುಖದ ಮೇಲೆ ಹಾರಿತು.

ಕಾರು ರಸ್ತೆಯ ಪಕ್ಕಕ್ಕೆ ನಿಂತಿತು. ನಾಲ್ಕೂ ಬಾಗಿಲು ತೆರೆದು ದಂಪತಿಗಳು ಸೀನಿದರು, ಕೆಮ್ಮಿದರು, ಅತ್ತರು. ಬಟ್ಟೆ ಬಿಗಿದ ಬುಟ್ಟಿಗಳು ಮಾತ್ರ ನಿಶ್ಚಿಂತೆಯಿಂದಿದ್ದವು. ಮತ್ತೆ ಹೊರಟಾಗ ಕಿಟಕಿಗಳೆಲ್ಲ ತೆರೆದಿದ್ದವು, ಇಬ್ಬರ ಕಣ್ಣಿಂದಲೂ ಧಾರೆ ಹರಿಯುತ್ತಿತ್ತು.

"ಹುಡುಗ್ರು ಅಗದದ್ದು ಅಂತ..." ಎಂದು ಸಿದ್ದಲಿಂಗಪ್ಪನವರು ಶುರುಮಾಡಿದರು.

"ಅವರು ಅಗದದ್ದು ಗಾಡಿ ಓಡ್ಲಿ ಅಂತ. ನೀವು ಅದನ್ನ ಚೀಲ ಹೊಚ್ಚಿ ಮಲಗಿಸಿದ್ರ ಅವರ ಬೆರಳು ಉರಿಯೂದು ನಿಲ್ಲತೈತೇನು?" ಪ್ರೇಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. "ಈ ಕಾರಿನ ಕಾವು ಇಳಸಾಕ ನಿಮ್ಮ ಛೇಂಬರ್ ಎಷ್ಟು ಕರೆಂಟು ಕುಡೀತೋ, ಅದರಾಗ ನಾ ವಾರಗಟ್ಟಲೆ ಓಡಸ್ತಿದ್ದೆ. ಹೋಗ್ಲಿ. ಶುಕ್ರವಾರ ಕೋಲ್ಡ್ ಸ್ಟೋರೇಜಿನ ಅಂಗಳದಾಗ ತುಂಬು ಬಿಡಸೋ ಹೆಣ್ಮಕ್ಕಳ ಮಗ್ಗಲಕ ಎರಡು ಸಣ್ಣ ಹುಡುಗಿ ಕುಂತಿದ್ವು. ಸಾಲಿ ಇದ್ದ ದಿನ. ನೀವು ಕಂಡೀರೋ ಇಲ್ಲೋ?"

ಸಿದ್ದಲಿಂಗಪ್ಪನವರು ಬುಟ್ಟಿಯ ಬಟ್ಟೆಯನ್ನು ಸರಿಪಡಿಸಿದರು.

"ಕಂಡೇನಿ."

"ಏನ ಮಾಡಿದ್ರಿ?"

"ಕಾರಿನ ಚೀಲ ತೋಯಸಾಕ ಹೊಂಟಿದ್ದೆ" ಎಂದರು ಸಿದ್ದಲಿಂಗಪ್ಪನವರು.

ಹೆದ್ದಾರಿಯ ಮೇಲೆ ಬಿಸಿಲು ಏರಿತು. ಏರಿದಂತೆ ಒಂದು ವಿಚಿತ್ರ ನಡೆಯಿತು. ಕಾರಿನ ಬಿಗುವು ಸಡಿಲಿತು, ಕಾಲಿಟ್ಟರೆ ಓಡತೊಡಗಿತು, ಪರದೆಯ ಮೇಲಿನ ಆಮೆ ಹೇಳದೆ ಕೇಳದೆ ಮಾಯವಾಯಿತು. ಸಿದ್ದಲಿಂಗಪ್ಪನವರು ಅದನ್ನು ನೋಡಿದರು. ಒಂದು ಜೀವಮಾನದ ಸಿದ್ಧಾಂತ ರಾಣೆಬೆನ್ನೂರಿನ ರಸ್ತೆಯ ಮೇಲೆ ಬಿಸಿಲಿಗೆ ಕರಗಿಹೋಗುವುದನ್ನು ಕಣ್ಣಾರೆ ಕಂಡ ಅವರು, ಮೆಲ್ಲಗೆ ಮಫ್ಲರು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಹಾಸ್ಟೆಲ್ ಮುಟ್ಟುವ ಹೊತ್ತಿಗೆ ಊಟದ ಗಂಟೆ ಬಾರಿಸಿ ಮುಗಿದಿತ್ತು. ಹುಡುಗಿಯರು ತಾಟು ಹಿಡಿದು ಸಾಲು ನಿಂತಿದ್ದರು. ಬಾಗಿಲಲ್ಲಿ ಪುಷ್ಪಲತಾ ಮೇಡಂ ಗಡಿಯಾರ ನೋಡುತ್ತ ನಿಂತಿದ್ದವರು, ಕಾರಿನಿಂದ ಇಳಿದ ಇಬ್ಬರ ಕೆಂಡದಂಥ ಕಣ್ಣು, ಊದಿದ ಮೂಗು, ಹರಿಯುವ ನೀರು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಸಿಟ್ಟಿನ ಮುಖ ಕರಗಿತು.

"ಅಯ್ಯ ಶಿವನ. ಯಾರು ಹೋದ್ರವಾ?" ಎಂದು ಮೆಲ್ಲಗೆ ಕೇಳಿದರು. "ಇಂಥಾ ದಿವಸನೂ ರೊಟ್ಟಿ ತಂದೀರಲ್ಲ ತಾಯಿ. ಹೊತ್ತಾದ್ರ ಆಗಲಿ ಬಿಡ್ರಿ. ಮಣ್ಣು ಕೊಡೂದು ಯಾವಾಗ?"

ತಪ್ಪಿಸಿಕೊಳ್ಳುವ ಬಾಗಿಲು ತಾನಾಗಿ ತೆರೆದಿತ್ತು. ಸಿದ್ದಲಿಂಗಪ್ಪನವರು ಸಂದರ್ಭಕ್ಕೆ ತಕ್ಕಂತೆ ತಲೆ ತಗ್ಗಿಸಿ, ಮಡಚಿದ ಮಫ್ಲರನ್ನು ಕಣ್ಣಿಗೊತ್ತಿಕೊಂಡೂ ಆಗಿತ್ತು. ಅದರಲ್ಲೂ ಘಾಟಿತ್ತು, ಅಳು ಇನ್ನಷ್ಟು ಪ್ರಾಮಾಣಿಕವಾಯಿತು. ಪ್ರೇಮವ್ವ ಹೂಂ ಅಂದರೆ ಸಾಕಾಗಿತ್ತು.

"ಯಾರೂ ಹೋಗಿಲ್ರಿ ಮೇಡಂ" ಎಂದರು ಪ್ರೇಮವ್ವ. "ಇವರು ನನ್ನ ಯಜಮಾನ್ರು. ಕಾರಿನ ಬ್ಯಾಟರಿಗೆ ಬಿಸಲು ತಾಗತೈತಿ ಅಂತ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ರು. ಮುಂದ ಚೀಲ ಹಚ್ಚಿ ಮರತ್ರು. ಅದಕ್ಕ ಹೊತ್ತಾತು. ಅಳೂದಲ್ಲ ಇದು, ಘಾಟು."

ಪುಷ್ಪಲತಾ ಮೇಡಂ ನಂಬಲಿಲ್ಲ. ನೇರವಾಗಿ ಕಾರಿನ ಹತ್ತಿರ ಹೋಗಿ ಒಳಗೆ ತಲೆ ಹಾಕಿದರು. ಮೂರು ಸಲ ಸೀನಿದರು. ತಲೆ ಹೊರತೆಗೆದಾಗ ಅವರ ಕಣ್ಣಲ್ಲೂ ನೀರಿತ್ತು. ಅದರಲ್ಲಿ ಘಾಟೆಷ್ಟು ನಗೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟವಾಗಿತ್ತು. ಸಾಲಿನಲ್ಲಿದ್ದ ಹುಡುಗಿಯರು ತಾಟು ಬಿಟ್ಟು ಕಿಟಕಿಗೆ ಬಂದರು.

"ನಾ ಆಗಲೇ ಒಪ್ಪಿಕೊಂಡುಬಿಟ್ಟಿದ್ದೆ. ಯಾಕ ಖರೇ ಹೇಳಿದ್ರಿ?"

"ನಾಳೆ ಸತ್ತವರ ಹೆಸರು ಕೇಳಿದ್ರ ಯಾರದು ಹೇಳ್ಲಿರಿ? ಇವರದ ಹೇಳಬೇಕಾಗತಿತ್ತು."

ಮೇಡಂ ಬುಟ್ಟಿಯ ಬಟ್ಟೆ ಸರಿಸಿದರು. ರೊಟ್ಟಿ ಇನ್ನೂ ಬೆಚ್ಚಗಿತ್ತು, ಮೆತ್ತಗಿತ್ತು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. "ಪಲ್ಯ ಇನ್ನೂ ಬಡಸಿಲ್ಲ" ಎಂದರು. "ಪಲ್ಯದಕಿಂತ ಮೊದಲ ಬಂದದ್ದನ್ನ ಹೊತ್ತಿಗ ಬಂದದ್ದು ಅಂತ ಹಿಡಿತೇನಿ. ಆದ್ರ ಒಂದ ಮಾತು. ನಾಳಿಯಿಂದ ಈ ಗಾಡಿ ಎಲ್ಲಿ ನಿಲ್ಲಬೇಕು ಅನ್ನೂದು ನೀವು ಹೇಳಬೇಕು. ಇವರಲ್ಲ."

ಹೀಗೆ ಆ ದಿನ ರಾಣೆಬೆನ್ನೂರಿನಲ್ಲಿ ಒಂದು ಸಾಮ್ರಾಜ್ಯದ ಅಧಿಕಾರ ಹಸ್ತಾಂತರವಾಯಿತು. ತಿಂಗಳು ಕಳೆಯಿತು, ಒಂದು ದಿನವೂ ತಪ್ಪಲಿಲ್ಲ, ವರ್ಷದ ಗುತ್ತಿಗೆ ಬಂತು. ಕಾರು ಮನೆಯ ಮುಂದಿನ ಗರಿಯ ಚಪ್ಪರದಲ್ಲೇ ನಿಲ್ಲುತ್ತದೆ. ಅಷ್ಟು ನೆರಳು ಸಾಕೆಂದು ಅರುಣಾ ತೀರ್ಪು ಕೊಟ್ಟಿದ್ದಾಳೆ. ಘಾಟು ಮಾತ್ರ ಪೂರ್ತಿ ಹೋಗಿಲ್ಲ. ಕಳ್ಳ ಕದ್ದರೂ ಮೋಟೆಬೆನ್ನೂರು ದಾಟುವುದಿಲ್ಲ, ಸೀನಿನ ಜಾಡು ಹಿಡಿದು ಹೋದರೆ ಸಿಗುತ್ತಾನೆ ಎಂಬುದು ಫಕ್ಕೀರಸಾಬನ ಅಭಿಪ್ರಾಯ.

ಸಿದ್ದಲಿಂಗಪ್ಪನವರು ಸುಮ್ಮನೆ ಕುಳಿತಿಲ್ಲ. ಸಾಲೆ ಇರುವ ದಿನ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಯಾವ ಸಣ್ಣ ಕೈಯೂ ಮೆಣಸಿನಕಾಯಿ ಮುಟ್ಟಕೂಡದು ಎಂದು ಸ್ಟೋರೇಜಿನ ಮಾಲೀಕರಾದ ಸಾಹುಕಾರರ ಮುಂದೆ ನಿಂತು ಹೇಳಿದರು. "ಮನ್ಯಾಗ ಹುಡುಗ್ರನ್ನ ಯಾರ ನೋಡ್ತಾರ್ರಿ?" ಎಂದು ತಾಯಂದಿರು ಜಗಳಕ್ಕೆ ಬಂದರು. ಇವರು ಒಂದು ವಾರ ಬೈಸಿಕೊಂಡರು. ಈಗ ಮುಂಜಾನೆ ಹುಡುಗಿಯರನ್ನು ಸಾಲೆಯ ಗೇಟಿನತನಕ ತಾವೇ ಬಿಟ್ಟು ಬರುತ್ತಾರೆ. ಬಿಸಿಲಿನಲ್ಲೂ ಮಫ್ಲರು ಸುತ್ತಿದ ಅಜ್ಜನ ಹಿಂದೆ ಮಕ್ಕಳು ಬೇಕೆಂದೇ ನಡುಗುತ್ತ ನಡೆಯುತ್ತಾರೆ.

ಕಾರಿನ ಕಂಪನಿಗೂ ಫೋನ್ ಹಚ್ಚಿದರು. ನಿಮ್ಮ ಬ್ಯಾಟರಿಯಲ್ಲಿ ಕೋಬಾಲ್ಟ್ ಇಲ್ಲ ಸರ್, ಇದು ಬೇರೆ ತರಹದ್ದು ಎಂದಳು ಬೆಂಗಳೂರಿನ ಹುಡುಗಿ. ಸಿದ್ದಲಿಂಗಪ್ಪನವರಿಗೆ ಎಷ್ಟು ಹಗುರಾಯಿತೆಂದರೆ ಅಂದು ಎರಡು ಚಹಾ ಕುಡಿದರು. ಎರಡನೆಯದು ಮುಗಿಯುವಾಗ ಮುಖ ಮತ್ತೆ ಗಂಟಾಯಿತು. ತಿರುಗಿ ಫೋನ್ ಮಾಡಿದರು.

"ಹಂಗಾರ ಆ ಲಿಥಿಯಂ ಯಾವ ಊರದವಾ? ತಗದವರು ಯಾರು?"

"ಸರ್, ಆ ಮಾಹಿತಿ ನಮ್ಮ ಹತ್ರ ಇಲ್ಲ."

"ಒಂದ ಚೀಲ ಮೆಣಸಿನಕಾಯಿಗೆ ನಾವು ರೈತನ ಹೆಸರು, ಊರು ಎರಡೂ ಬರದಿರತೇವಿ. ಬ್ಯಾರೆ ಊರ ಕಾಯಿನ ಬ್ಯಾಡಗಿ ಅಂತ ಮಾರಾಕ ಬಂದವರನ್ನ ಹಿಡದು ಕಳಿಸೇನಿ. ಇಷ್ಟ ದೊಡ್ಡ ಕಾರಿಗೆ ಊರಿಲ್ಲಂದ್ರ ಹೆಂಗವಾ?"

ಕೇಳಿ ಹೇಳುತ್ತೇನೆ ಎಂದಳು. ಇವರು ಬಿಡುವ ಪೈಕಿಯಲ್ಲ. ಪ್ರತಿ ಗುರುವಾರ ಮಾರ್ಕೆಟ್ಟಿನ ಮೆಣಸಿನಕಾಯಿ ಟೆಂಡರು ಮುಗಿದ ಮೇಲೆ ಫೋನ್ ಹೋಗುತ್ತದೆ. ಹುಡುಗಿ ಈಗ ಹೆಸರು ಕೇಳುವುದಿಲ್ಲ. "ಇನ್ನೂ ಊರು ಗೊತ್ತಾಗಿಲ್ಲ ಸರ್" ಎಂದು ತಾನೇ ಶುರುಮಾಡುತ್ತಾಳೆ.

ಬ್ಯಾಟರಿಯ ಮುಪ್ಪಿನ ಚಿಂತೆಯೂ ಇತ್ತು. ಕಾರು ಎಳೆಯಲಾಗದಷ್ಟು ಮುದಿಯಾದರೂ ಅದು ಸೋಲಾರಿನ ಕರೆಂಟು ಹಿಡಿದಿಟ್ಟು ಮನೆಯ ದೀಪ, ಫ್ಯಾನು ನಡೆಸಬಲ್ಲದು, ಅದೂ ಮುಗಿದ ಮೇಲೆ ಗುಜರಿಯವನಿಗೆ ಹಾಕದೆ ಕಂಪನಿಗೆ ತಿರುಗಿ ಕೊಟ್ಟರೆ ಒಳಗಿನ ಲೋಹ ಮತ್ತೆ ಕೆಲಸಕ್ಕೆ ಬರುತ್ತದೆ ಎಂದು ಅರುಣಾ ಹೇಳಿದ ದಿನವೇ, ರೊಟ್ಟಿಯ ಶೆಡ್ಡಿನ ಪಕ್ಕದಲ್ಲಿ ಒಂದು ಕಟ್ಟೆ ಎದ್ದಿತು. ಮೇಲೆ ಹೆಂಚು, ಮಗ್ಗುಲಿಗೆ ಕುರ್ಚಿಯಷ್ಟು ಜಾಗ. ಇನ್ನೂ ಹೊಸ ವಾಸನೆ ಆರದ ಬ್ಯಾಟರಿಗೆ ವೃದ್ಧಾಪ್ಯದ ಮನೆ ಸಿದ್ಧವಾಯಿತು.

"ಈ ಕುರ್ಚಿ ಜಾಗಾ ಯಾರಿಗ್ರಿ?" ಎಂದರು ಪ್ರೇಮವ್ವ.

"ನನಗ. ಅದಕ್ಕ ವಯಸ್ಸಾಗೂದು, ನಾ ಕೆಲಸ ಬಿಡೂದು ಒಂದ ಹೊತ್ತಿಗೆ ಬರತೈತಿ. ಇಬ್ಬರೂ ಕೂಡೇ ಕುಂದ್ರತೇವಿ."

"ಅದು ನಮ್ಮ ಹೆಣ್ಮಕ್ಕಳಿಗೆ ಫ್ಯಾನು ತಿರಗಸತೈತಿ. ನೀವು?"

ಸಿದ್ದಲಿಂಗಪ್ಪನವರು ಯೋಚಿಸಿದರು. "ರೊಟ್ಟಿ ಬುಟ್ಟಿ ಹೊರತೇನಿ."

"ಅದಕ್ಕ ಮುದುಕ ಆಗೂತನಕ ಯಾಕ ಕಾಯಬೇಕು?" ಎಂದರು ಪ್ರೇಮವ್ವ.

ಈಗ ದಿನಾ ಮುಂಜಾನೆ, ಛೇಂಬರಿಗೆ ಹೋಗುವ ಮೊದಲು, ಒಬ್ಬ ಮನುಷ್ಯ ಬಿಸಿ ರೊಟ್ಟಿಯ ಬುಟ್ಟಿಗಳನ್ನು ಎದೆಗವಚಿಕೊಂಡು ಹಿತ್ತಲಿನಿಂದ ಚಪ್ಪರದವರೆಗೆ ಓಡಾಡುತ್ತಿರುತ್ತಾನೆ. ಸ್ವೆಟರು ಗೂಟದ ಮೇಲಿರುತ್ತದೆ. ಬೆವರು ಇಳಿಯುತ್ತಿರುತ್ತದೆ.